ಪಾವಣೆ ಮೂರು ಮೀಟರ್ ಬಟ್ಟೆ

ಹೋದ ತಿಂಗಳು ಬೆಟಗೇರಿಯ ಒಂದು ಬಟ್ಟೆ ಅಂಗಡಿಗೆ ಹೋಗಿದ್ದೆ. ಹೊಸ ಮನೆಯ ಕಿಟಕಿಗಳಿಗೆ ಪರದೆ ಹೊಲಿಸಬೇಕಿತ್ತು. ಅಂಗಡಿಯವರು ಥಾನು ಬಿಚ್ಚಿ ಹಾಸಿದಾಗ ಹೊಸ ಬಟ್ಟೆಯ ಗಂಜಿಯ ವಾಸನೆ ಮುಖಕ್ಕೆ ಬಡಿಯಿತು. ಏಳು ಕಿಟಕಿ, ಒಂದೊಂದಕ್ಕೆ ಎರಡೂಕಾಲು ಮೀಟರ್. ಅವರು ಮೊಬೈಲ್ ತೆಗೆದು ಅಂಕಿ ಒತ್ತುವಷ್ಟರಲ್ಲಿ ನನ್ನ ಬಾಯಿಂದ "ಹದಿನೈದೂ ಮುಕ್ಕಾಲು" ಎಂದು ಬಂದುಬಿಟ್ಟಿತು. ಅವರು ಮೊಬೈಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಗಣಿತದ ಟೀಚರೇನ್ರಿ ಅಕ್ಕಾರ?"

"ಅಲ್ರಿ, ಕನ್ನಡದಾಕಿ" ಎಂದೆ.

ಅದು ಖರೆಯೇ. ಆದರೆ ಒಂದು ವರ್ಷ, ಒಂದೇ ಒಂದು ವರ್ಷ, ನಾನು ಗಣಿತ ಕಲಿಸಿದ್ದೆ. ಆ ವಾಸನೆಯ ಜೊತೆ ಆ ವರ್ಷ ಪೂರ್ತಿ ಎದ್ದು ಬಂತು.

ಆಗ ನಾನು ಲಕ್ಷ್ಮೇಶ್ವರದಲ್ಲಿ ಒಂದು ಕೋಣೆ ಹಿಡಿದು, ಶಿರಹಟ್ಟಿ ದಾರಿಯ ಒಂದು ಸಣ್ಣ ಊರಿನ ಶಾಲೆಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಆ ವರ್ಷ ಮಳೆಗಾಲ ಜೋರಾಗಿಯೇ ಹಿಡಿದಿತ್ತು. ಬಸ್ಸಿಳಿದು ಶಾಲೆಗೆ ನಡೆಯುವಷ್ಟರಲ್ಲಿ ಎರೆಮಣ್ಣು ಚಪ್ಪಲಿಗೆ ಮೆತ್ತಿ, ಎರಡೂ ಕಾಲು ಒಂದೊಂದು ಸೇರು ಭಾರವಾಗುತ್ತಿದ್ದವು. ಶಾಲೆ ಶುರುವಾದ ಎರಡನೇ ವಾರಕ್ಕೇ ಗಣಿತದ ಮೇಷ್ಟ್ರಿಗೆ ವರ್ಗವಾಯಿತು. ಹೆಡ್‌ಮಾಸ್ತರ ಬಡಿಗೇರ ಸರ್ ಒಂದು ಬೆಳಿಗ್ಗೆ ಏಳನೇ ತರಗತಿಯ ಗಣಿತ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, "ಹೊಸಬ್ರು ಬರೂತನಕ ನೀವ ನೋಡ್ಕೋರಿ" ಎಂದರು. ಹೊಸಬರು ಬರಲು ಇಡೀ ವರ್ಷ ಹಿಡಿಯಿತು.

ನನಗೆ ಗಣಿತವೆಂದರೆ ಚಿಕ್ಕಂದಿನಿಂದಲೂ ಹೆದರಿಕೆ. ಅದರಲ್ಲೂ ಭಿನ್ನರಾಶಿ. ಪರೀಕ್ಷೆಗೆ ಹಂತಗಳನ್ನು ಬಾಯಿಪಾಠ ಮಾಡಿ ಪಾಸಾದವಳು ನಾನು. ಹಾಗಾಗಿ ಕಲಿಸುವಾಗಲೂ ಹಂತಗಳನ್ನೇ ಕಲಿಸಿದೆ. ಹಿಂದಿನ ರಾತ್ರಿ ನಾನು ಬರೆದುಕೊಂಡದ್ದನ್ನು ಬೆಳಿಗ್ಗೆ ಹಲಗೆಯ ಮೇಲೆ ಬರೆಯುವುದು, ಮಕ್ಕಳು ಅದನ್ನು ನೋಟುಬುಕ್ಕಿಗೆ ಇಳಿಸಿಕೊಳ್ಳುವುದು. ಭಿನ್ನರಾಶಿಯಿಂದ ಭಾಗಿಸಬೇಕಾದರೆ ಎರಡನೆಯದನ್ನು ತಿರುವಿ ಹಾಕಿ ಗುಣಿಸಬೇಕು ಎಂದು ಬರೆದ ದಿನ ಮೂರನೇ ಸಾಲಿನಿಂದ ಸುಮಂಗಲಾ ಎಂಬ ಹುಡುಗಿ ಎದ್ದು ನಿಂತಳು. ತೆಳ್ಳಗಿನ ಹುಡುಗಿ, ಮಾತು ಕಡಿಮೆ, ಆಡಿದರೆ ನೇರ.

"ಯಾಕ್ರಿ ಅಕ್ಕೋರ ತಿರುವಿ ಹಾಕೂದು?"

ಅಲ್ಲಿ ಟೀಚರಮ್ಮಂದಿರಿಗೆ ಅಕ್ಕೋರು ಎನ್ನುತ್ತಾರೆ.

"ಅದು ನಿಯಮ" ಎಂದೆ.

ಅವಳು ಕುಳಿತಳು. ಆದರೆ ಪೆನ್ನು ಎತ್ತಲಿಲ್ಲ. ನನಗೂ ಆ ಪ್ರಶ್ನೆ ಅವತ್ತಿನಿಂದ ಬಿಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಯೋಚಿಸುತ್ತಿದ್ದೆ. ಆರನ್ನು ಮುಕ್ಕಾಲಿನಿಂದ ಭಾಗಿಸಿದರೆ ಎಂಟು ಬರುತ್ತದೆ. ಭಾಗಿಸಿದ ಮೇಲೆ ಸಂಖ್ಯೆ ಹೆಚ್ಚಾಗುವುದು ಹೇಗೆ? ತಿರುವಿದರೆ ಉತ್ತರ ಸರಿಯಾಗುವುದು ಯಾಕೆ? ಯಾರನ್ನಾದರೂ ಕೇಳೋಣವೆಂದರೆ ನಾಚಿಕೆ. ಕಲಿಸುವವಳೇ ಕೇಳಿದರೆ ಏನೆಂದುಕೊಂಡಾರು?

ಆಗಸ್ಟ್ ತಿಂಗಳಲ್ಲಿ ಶಿರಹಟ್ಟಿಯಲ್ಲಿ ಶಾಲೆಗಳ ಜಾನಪದ ಕುಣಿತದ ಸ್ಪರ್ಧೆ ಗೊತ್ತಾಯಿತು. ನಮ್ಮಲ್ಲಿ ಹದಿನೆಂಟು ಹುಡುಗಿಯರು ತಯಾರಾದರು, ಸುಮಂಗಲಾ ಅವರಲ್ಲಿ ಒಬ್ಬಳು. ಎಲ್ಲರಿಗೂ ಒಂದೇ ಬಣ್ಣದ, ತಿರುಗಿದರೆ ಅರಳಿ ನಿಲ್ಲುವ ಲಂಗ ಬೇಕಿತ್ತು. ಒಂದು ಲಂಗಕ್ಕೆ ಎರಡೂಮುಕ್ಕಾಲು ಮೀಟರ್ ಎಂದು ಊರಿನ ದರ್ಜಿ ಹುಸೇನಬಿ ಹೇಳಿಕಳಿಸಿದ್ದರು. ನಾನು ಒಂದು ಚೀಟಿಯಲ್ಲಿ ಲೆಕ್ಕ ಮಾಡಿ ಬಡಿಗೇರ ಸರ್‌ಗೆ ತೋರಿಸಿದೆ. ಅವರು ಸಹಿ ಹಾಕಿದರು. ಗದಗಿಗೆ ಹೋಗಿ ಬದನೆಕಾಯಿ ಬಣ್ಣದ ಬಟ್ಟೆ ಮೂವತ್ತೇಳು ಮೀಟರ್ ಕೊಂಡೆ. ಥಾನಿನಲ್ಲಿ ಇದ್ದದ್ದೇ ಅಷ್ಟು, ಅದೃಷ್ಟ ಅಂದುಕೊಂಡೆ.

ಶುಕ್ರವಾರ ಸಂಜೆ ಶಾಲೆ ಬಿಟ್ಟ ಮೇಲೆ ಸುಮಂಗಲಾ ಗಂಟಿನ ಒಂದು ಕಡೆ, ನಾನೊಂದು ಕಡೆ ಹಿಡಿದು ಹುಸೇನಬಿಯವರ ಮನೆಗೆ ಹೋದೆವು. ಅವರಿಗೆ ಐವತ್ತು ದಾಟಿತ್ತು. ಊರಿನ ಮಕ್ಕಳೆಲ್ಲ ಅವರನ್ನು ಚಾಚಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಪಡಸಾಲೆಯಲ್ಲಿ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಕಬ್ಬಿಣದ ಅಳತೆಪಟ್ಟಿ. ಚಾಚಿ ಬಟ್ಟೆಯನ್ನು ಸರಸರ ಅಳೆದು ಒಂದು ಕಡೆ ಒಟ್ಟಿದರು.

"ಮೂವತ್ತೇಳು. ಉಳದದ್ದು ಎಲ್ಲೈತ್ರಿ ಅಕ್ಕೋರ?"

"ಅಷ್ಟ ಐತ್ರಿ. ಲೆಕ್ಕ ಹಾಕೇ ತಂದೀನಿ."

ಚಾಚಿ ಕಣ್ಣು ಮುಚ್ಚಿದರು. "ಒಬ್ಬಾಕಿಗೆ ಪಾವಣೆ ಮೂರು. ಅಂದ್ರ ಮೂರಕ್ಕ ಒಂದು ಪಾವ, ಕಾಲು ಮೀಟರ್, ಕಮ್ಮಿ. ಹದಿನೆಂಟ ಮೂರ್ಲೆ ಐವತ್ನಾಕು. ಹದಿನೆಂಟ ಪಾವ ಅಂದ್ರ ನಾಕೂವರಿ. ಅದನ್ನ ತಗದ್ರ ಐವತ್ತಕ್ಕ ಅರ್ಧ ಕಮ್ಮಿ." ಕಣ್ಣು ತೆರೆದರು. "ಹನ್ನೆರಡೂವರಿ ಮೀಟರ್ ಕಮ್ಮಿ ಬಿದ್ದೈತ್ರಿ."

ಪರ್ಸಿನಲ್ಲಿದ್ದ ಚೀಟಿ ತೆಗೆದು ನೋಡಿದೆ. ಹದಿನೆಂಟು ಎರಡ್ಲೆ ಮೂವತ್ತಾರು, ಅದಕ್ಕೆ ಮುಕ್ಕಾಲು ಸೇರಿಸಿ ಮೂವತ್ತಾರೂಮುಕ್ಕಾಲು. ಮುಕ್ಕಾಲನ್ನು ಹದಿನೆಂಟರಿಂದ ಗುಣಿಸಿಯೇ ಇರಲಿಲ್ಲ! ಒಬ್ಬ ಹುಡುಗಿಗೆ ಮಾತ್ರ ಆ ಮುಕ್ಕಾಲು ಮೀಟರ್ ತಂದು, ಉಳಿದ ಹದಿನೇಳು ಜನರನ್ನು ಮರೆತಿದ್ದೆ. ಸುಮಂಗಲಾ ನನ್ನ ಕೈಯಲ್ಲಿದ್ದ ಚೀಟಿಯನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ತಿಳಿಯಿತು ಎಂದು ನನಗೆ ತಿಳಿಯಿತು.

ಗದಗಿನ ಅಂಗಡಿಗೆ ಫೋನ್ ಮಾಡಿದೆ. ಆ ಬಣ್ಣ ಮುಗಿದಿದೆ, ಮತ್ತೆ ಬರುವುದು ದಸರೆಗೆ ಎಂದರು. ಸ್ಪರ್ಧೆಗೆ ಇದ್ದದ್ದು ಒಂಬತ್ತು ದಿನ.

ಮರುದಿನ ಬಡಿಗೇರ ಸರ್ ಕೇಳಿದರು, "ಇಷ್ಟ್ಯಾಂಗ ಕಮ್ಮಿ ಬಿತ್ರಿ?"

ನನ್ನ ಬಾಯಿಂದ ಬಂದ ಮಾತು ಈಗಲೂ ನನಗೆ ಚುಚ್ಚುತ್ತದೆ. "ಅಂಗಡಿಯವರಿಗೆ ಹದಿನೆಂಟು ಮಂದಿ ಅಂತ ಹೇಳಿದ್ನಿರಿ. ಅವರ ಲೆಕ್ಕ ಹಾಕಿ ಇಷ್ಟ ಸಾಕು ಅಂದ್ರು."

"ಹೌದಾ? ಸೋಮವಾರ ಮೀಟಿಂಗಿಗೆ ಗದಗಿಗೆ ಹೊಂಟೀನಿ. ಅವನ್ನ ಕೇಳೇ ಬರ್ತೀನಿ ತಡೀರಿ" ಎಂದು ಅವರು ಸಿಟ್ಟಾದರು. ಆಮೇಲೆ, "ಇದ್ದ ಬಟ್ಟಿಯೊಳಗ ಹದಿಮೂರು ಮಂದಿಗೆ ಆಗತೈತಿ. ಐದು ಮಂದೀನ ಬಿಡ್ರಿ, ಮತ್ತೇನ ಮಾಡೂದು" ಎಂದರು.

ತಿರುಗಿ ನೋಡಿದರೆ ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು ಸುಮಂಗಲಾ ನಿಂತಿದ್ದಳು. ಪುಸ್ತಕ ಮೇಜಿನ ಮೇಲಿಟ್ಟು ಹೊರಟುಹೋದಳು. 

ಭಾನುವಾರ ನನಗೆ ಕೋಣೆಯಲ್ಲಿ ಕೂರಲಾಗಲಿಲ್ಲ. ರಜೆಯಿದ್ದರೂ ಬಸ್ಸು ಹತ್ತಿ ಊರಿಗೆ ಬಂದೆ. ಹೊಲಗಳಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದರು. ಮಳೆ ಸ್ವಲ್ಪ ಹೊಳವಾಗಿತ್ತು. ಐದು ಹುಡುಗಿಯರನ್ನು ಬಿಡುವುದೆಂದರೆ ಯಾರನ್ನು? ಹದಿನೆಂಟು ಮುಖಗಳನ್ನು ದಾರಿಯುದ್ದಕ್ಕೂ ಒಂದೊಂದಾಗಿ ನೆನೆದೆ. ಯಾರನ್ನೂ ತೆಗೆಯಲಾಗಲಿಲ್ಲ.

ಚಾಚಿಯ ಪಡಸಾಲೆಯಲ್ಲಿ ಸುಮಂಗಲಾ ಆಗಲೇ ಕುಳಿತಿದ್ದಳು. ಅವಳ ಮುಂದೆ ಅವಳ ಅಜ್ಜಿಯ ಒಂಬತ್ತು ಗಜದ ಹಳದಿ ಸೀರೆ. ಅಜ್ಜಿ ಅದನ್ನು ಉಡದೆ ಪೆಟ್ಟಿಗೆಯಲ್ಲಿಟ್ಟಿದ್ದಳಂತೆ. ಪಕ್ಕದಲ್ಲಿ ಚಾಚಿಯದೇ ಒಂದು ಹಳದಿ ಸೀರೆ, ಬಣ್ಣ ಒಂದು ಛಾಯೆ ಹೆಚ್ಚು.

"ಬರ್ರಿ ಅಕ್ಕೋರ, ಕುಂಡ್ರಿ" ಎಂದರು ಚಾಚಿ. "ನಿಮ್ಮ ಬಟ್ಟಿ ಒಬ್ಬೊಬ್ಬಾಕಿಗೆ ಎರಡೆರಡು ಮೀಟರ್ ಬರತೈತಿ. ಬರೇ ಅಷ್ಟರಾಗ ಹೊಲದ್ರ ತಿರುಗಿದಾಗ ಅರಳಂಗಿಲ್ಲ. ನಡುನಡುವ ಹಳದಿ ಪಟ್ಟಿ ಕೂಡಿಸೂಣು, ಮುಕ್ಕಾಲು ಮುಕ್ಕಾಲು ಮೀಟರಿಂದು. ಹದಿನೆಂಟು ಮುಕ್ಕಾಲು ಬೇಕು. ಈ ಎರಡೂ ಸೀರ್ಯಾಗ ಸಿಕ್ಕಾವೇನು ನೋಡೂಣು."

ಒಂಬತ್ತು ಗಜದ ಸೀರೆ ಎಂಟೂಕಾಲು ಮೀಟರ್ ಬಂತು. ಅದರಲ್ಲಿ ಮುಕ್ಕಾಲು ಮೀಟರಿನ ತುಂಡುಗಳು ಎಷ್ಟು? ನನ್ನ ಕೈ ತಾನಾಗಿಯೇ ಪೆನ್ನು ಹುಡುಕಿತು. ಚಾಚಿ ಬೆರಳು ಮಡಚಿದರು.

"ಒಂದು ಮೀಟರಿನ್ಯಾಗ ಪಾವ ನಾಕು. ಎಂಟು ಮೀಟರಿನ್ಯಾಗ ಮೂವತ್ತೆರಡು, ಮ್ಯಾಲ ಒಂದು ಪಾವ. ಮೂವತ್ಮೂರಾತು. ನಮ್ಮ ತುಂಡಿಗೆ ಮೂರು ಪಾವ ಬೇಕು. ಮೂವತ್ಮೂರನ್ನ ಮೂರಮೂರು ಮಾಡಿದ್ರ ಹನ್ನೊಂದು ತುಂಡು."

ಇನ್ನೊಂದು ಸೀರೆ ಐದೂವರೆ. "ಇಪ್ಪತ್ತೆರಡು ಪಾವ. ಮೂರಮೂರು ಮಾಡಿದ್ರ ಏಳು ತುಂಡು, ಒಂದು ಪಾವ ಉಳೀತು. ಹನ್ನೊಂದು, ಏಳು..."

"ಹದಿನೆಂಟು!" ಎಂದು ಕೂಗಿದೆ. ಕುಣಿದಾಡುವಷ್ಟು ಖುಷಿ. ಆದರೆ ಸುಮಂಗಲಾ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವಳು ಚಾಚಿಯ ಬೆರಳುಗಳನ್ನೇ ನೋಡುತ್ತಿದ್ದಳು.

"ಅಕ್ಕೋರ" ಎಂದಳು ಮೆಲ್ಲಗೆ. "ಚಾಚಿ ನಾಕರಿಂದ ಗುಣಿಸಿದ್ರು. ಆಮ್ಯಾಲ ಮೂರರಿಂದ ಭಾಗ್ಸಿದ್ರು. ನಾಕು ಮ್ಯಾಲ ಹೋತು, ಮೂರು ಕೆಳಗ ಬಂತು. ತಿರುವಿ ಹಾಕೂದಂದ್ರ ಇದ ಏನ್ರಿ?"

ನಾನು ಆ ಸೀರೆಯ ಮೇಲೆ ಕಣ್ಣಿಟ್ಟು ಕುಳಿತುಬಿಟ್ಟೆ. ಮೊದಲು ಎಲ್ಲವನ್ನೂ ಪಾವು ಮಾಡಬೇಕು, ಅದಕ್ಕೇ ನಾಲ್ಕರಿಂದ ಗುಣಿಸುವುದು. ಆಮೇಲೆ ಮೂರು ಮೂರು ಪಾವುಗಳ ಗುಂಪು ಮಾಡಬೇಕು, ಅದಕ್ಕೇ ಮೂರರಿಂದ ಭಾಗಿಸುವುದು. ತುಂಡು ಮೀಟರಿಗಿಂತ ಸಣ್ಣದು, ಅದಕ್ಕೇ ತುಂಡುಗಳ ಎಣಿಕೆ ಮೀಟರಿಗಿಂತ ಹೆಚ್ಚು. ಇಷ್ಟೇ! ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ದರ್ಜಿಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತಾಗ ನನಗೆ ಇದು ಗೊತ್ತಾಯಿತು.

"ಹೌದು, ಇದ" ಎಂದೆ. "ನಂಗೂ ಈಗ ತಿಳೀತು."

ಸುಮಂಗಲಾ ಮನೆಗೆ ಹೋದ ಮೇಲೆ ನಾನು ಚಾಚಿಯನ್ನು ಕೇಳಿದೆ, ಈ ಲೆಕ್ಕ ಎಲ್ಲಿ ಕಲಿತಿರಿ ಎಂದು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

"ನಮ್ಮ ಮನ್ಯಾವ್ರು ಮೌಲಾಸಾಬರು ಕತ್ರಿ ಹಿಡೀತಿದ್ರು, ನಾ ಬರೇ ಹೊಲೀತಿದ್ದೆ. ಅವರಿಗೆ ಬಲಗೈ ಬಿದ್ದುಹೋತು. ಕತ್ರಿ ನನ್ನ ಕೈಯಾಗ ಬಂತು. ಮೊದಲನೇ ದಿನಾನ ಒಬ್ಬ ಮದುಮಗನ ಶರ್ಟಿನ ತೋಳು ತಪ್ಪು ಕೊಯ್ದೆ. ಮದುಮಗನ ಮಂದಿ ಬಂದು ಕೇಳಿದ್ರ, ನೀರಿಗೆ ಹಾಕಿದ್ನಿ, ಬಟ್ಟಿ ಕುಗ್ಗೇತಿ ಅಂತ ಸುಳ್ಳು ಹೇಳಿದೆ. ಇವರು ಅಲ್ಲೇ ಹೊರಸಿನ ಮ್ಯಾಲ ಮಲಗಿ ಎಲ್ಲಾ ಕೇಳ್ಯಾರ." ಚಾಚಿ ನಕ್ಕರು. "ಬೈಲಿಲ್ರಿ. ಮರದಿನದಿಂದ ಪಾವ, ನೀಮ, ಪಾವಣ, ಸವಾ, ದೀಡ ಅಂತ ಕಾಲಿನಿಂದ ಒಂದೂವರಿ ತನಕ ಮಗ್ಗಿ ದಿನಾ ನಸುಕಿನ್ಯಾಗ ಬಾಯಿಪಾಠ ಮಾಡಿಸಿದ್ರು. ಒಂದು ಪಾವ ಪಾವ, ಎರಡ ಪಾವ ಅರ್ಧ, ಮೂರ ಪಾವ ಪಾವಣ... ಈಗ ಅವರಿಲ್ಲ. ಮಗ್ಗಿ ಐತಿ."

ನನ್ನ ಸುಳ್ಳಿನ ಸುದ್ದಿ ಅವರಿಗೆ ಮುಟ್ಟಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಬಸ್ಸಿಳಿಯುವಾಗ ಬಡಿಗೇರ ಸರ್ ಗದಗಿನ ಬಸ್ಸಿಗೆ ಕಾಯುತ್ತಾ ನಿಂತಿದ್ದರು. ತುಂತುರು ಹನಿ. ಅವರ ಕೊಡೆಯ ಕೆಳಗೆ ನಿಂತು ಹೇಳಿದೆ: "ಸರ್, ಅಂಗಡಿಯವರನ್ನ ಏನೂ ಕೇಳಬ್ಯಾಡ್ರಿ. ಲೆಕ್ಕ ತಪ್ಪಿದಾಕಿ ನಾನ, ಮುಕ್ಕಾಲನ್ನ ಒಬ್ಬಾಕಿಗಷ್ಟ ಹಿಡದಿದ್ನಿ. ಅವತ್ತ ಸುಳ್ಳು ಹೇಳಿದ್ನಿ."

ಅವರು ಕೈಯಿಂದ ಗಡ್ಡ ಸವರಿಕೊಂಡರು.

"ಚೀಟಿ ನನಗೂ ತೋರಿಸಿದ್ರಲ್ರಿ. ನಾ ಏನು ನೋಡಿ ಸಹಿ ಮಾಡ್ದೆ?" ಎಂದರು. "ಆ ಮುಕ್ಕಾಲು ನನ್ನ ಕಣ್ಣಿಗೂ ಬೀಳಲಿಲ್ಲ." ಆಮೇಲೆ ಧ್ವನಿ ಗಟ್ಟಿಯಾಯಿತು. "ಆದ್ರ ಇನ್ನೊಬ್ಬರ ಮ್ಯಾಲ ಹಾಕಿದ್ದು ಛಲೋ ಅಲ್ಲ ನೋಡ್ರಿ."

"ಖರೆ ಐತ್ರಿ."

ಬಸ್ಸು ಬಂತು, ಅವರು ಹತ್ತಿದರು. ನನ್ನ ಕೆಲಸ ಅರ್ಧ ಮಾತ್ರ ಮುಗಿದಿತ್ತು. ತರಗತಿಗೆ ಹೋಗಿ ಆ ಚೀಟಿಯಲ್ಲಿದ್ದ ಲೆಕ್ಕವನ್ನು ಇದ್ದ ಹಾಗೆಯೇ ಹಲಗೆಯ ಮೇಲೆ ಬರೆದೆ. "ಇದು ನಾನು ಮಾಡಿದ ಲೆಕ್ಕ. ಇದರಿಂದ ನಿಮ್ಮ ಲಂಗದ ಬಟ್ಟೆ ಕಡಿಮೆ ಬಿತ್ತು. ಅಂಗಡಿಯವರ ತಪ್ಪು ಅಂತ ನಾನು ಬಡಿಗೇರ ಸರ್‌ಗೆ ಹೇಳಿದ್ದು ಸುಳ್ಳು. ತಪ್ಪು ಎಲ್ಲಿದೆ, ಹುಡುಕಿ" ಎಂದೆ.

ತರಗತಿಯಲ್ಲಿ ಗದ್ದಲ ಎದ್ದಿತು. ಸಂಗತಿಯೆಂದರೆ, ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಆ ಲೆಕ್ಕ ಸರಿಯಾಗಿಯೇ ಕಂಡಿತ್ತು! ಅವರ ನೋಟುಬುಕ್ಕುಗಳನ್ನು ತಿರುವಿದರೆ ಅಲ್ಲೂ ಅದೇ ತಪ್ಪು. ಹಂತಗಳನ್ನಷ್ಟೇ ನೋಡಿ ನಾನು ಸರಿ ಗುರುತು ಹಾಕಿದ್ದೆ. ಸುಮಂಗಲಾ ಕೈ ಎತ್ತದೆ ಉಳಿದವರಿಗೆ ಬಿಟ್ಟು ಕುಳಿತಿದ್ದಳು. ಕೊನೆಗೆ ಹಿಂದಿನ ಸಾಲಿನ ಒಬ್ಬ ಹುಡುಗಿ, "ಆ ಮುಕ್ಕಾಲು ಒಬ್ಬಾಕಿಗಷ್ಟ ಸಿಗತೈತ್ರಿ, ನಮಗಿಲ್ಲ!" ಎಂದು ಕೂಗಿದಳು. ಆಗ ಸುಮಂಗಲಾ ನನ್ನ ಕಡೆ ನೋಡಿ ನಕ್ಕಳು. ಶನಿವಾರದಿಂದ ಅವಳು ನನ್ನ ಮುಖವನ್ನು ನೇರವಾಗಿ ನೋಡಿರಲಿಲ್ಲ.

ಆ ವಾರವೆಲ್ಲ ಹುಡುಗಿಯರು ಸರದಿಯ ಮೇಲೆ ಚಾಚಿಯ ಮನೆಗೆ ಹೋಗಿ ಗುಂಡಿ ಹಚ್ಚಿದರು, ಅಂಚು ಮಡಚಿದರು. ಶಿರಹಟ್ಟಿಯ ವೇದಿಕೆಯ ಮೇಲೆ ಹದಿನೆಂಟು ಜನ ಒಮ್ಮೆಲೇ ತಿರುಗಿದಾಗ ಬದನೆಕಾಯಿ ಬಣ್ಣದ ನಡುವಿನಿಂದ ಹಳದಿ ಪಟ್ಟಿಗಳು ಬಿಚ್ಚಿಕೊಂಡವು. ಚಾಚಿ ನನ್ನ ಪಕ್ಕದಲ್ಲೇ ಕುಳಿತಿದ್ದರು. ಹಾಡು ಕೇಳಿಸಿತೋ ಇಲ್ಲವೋ, ಅವರು ಲಂಗಗಳ ಅಂಚು ಒಂದೇ ಎತ್ತರಕ್ಕಿವೆಯೇ ಎಂದು ನೋಡುತ್ತಿದ್ದರು. ನಮಗೆ ಬಂದದ್ದು ಮೂರನೇ ಬಹುಮಾನ. ಮೊದಲ ಬಹುಮಾನ ಪಡೆದ ಶಾಲೆಯ ಟೀಚರು ಹುಡುಕಿಕೊಂಡು ಬಂದು, "ಲಂಗ ಹೊಲದವ್ರು ಯಾರ್ರಿ?" ಎಂದು ಕೇಳಿದರು. ನಾನು ಚಾಚಿಯನ್ನು ಮುಂದೆ ನೂಕಿದೆ.

ಮುಂದಿನ ಬೇಸಿಗೆಗೆ ಗಣಿತದ ಹೊಸ ಮೇಷ್ಟ್ರು ಬಂದರು, ನನಗೆ ಮುಂಡರಗಿ ಕಡೆ ವರ್ಗವಾಯಿತು. ಸುಮಂಗಲಾ ಈಗ ಗದಗಿನಲ್ಲಿ ಡಿಪ್ಲೊಮಾ ಓದುತ್ತಿದ್ದಾಳೆ ಎಂದು ಕೇಳಿದ್ದೇನೆ. ಆದರೆ ಆ ವರ್ಷವೆಂದರೆ ನನಗೆ ಮೊದಲು ನೆನಪಾಗುವುದು ಸ್ಪರ್ಧೆ ಮುಗಿದ ಮೇಲಿನ ಒಂದು ಮಧ್ಯಾಹ್ನ.

ಊಟದ ಗಂಟೆ ಮುಗಿದು ಪಾಠ ಶುರುವಾಗಿತ್ತು. ಚಾಚಿ ತರಗತಿಯ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಒಂದು ಕಾಗದ. ಶಿರಹಟ್ಟಿಯಲ್ಲಿ ಮೊದಲ ಬಹುಮಾನ ಪಡೆದ ಶಾಲೆಯ ಆ ಟೀಚರು ತಮ್ಮ ಮಕ್ಕಳಿಗೂ ಅಂಥದೇ ಲಂಗ ಬೇಕೆಂದು ಬರೆದು ಕಳಿಸಿದ್ದರು.

"ಬಾಯಿಲೆ ಹೇಳಿದ್ರ ನಾ ಹೊಲದು ಕೊಡ್ತೀನ್ರಿ. ಇವರು ಬರದಾರ" ಎಂದರು. "ಈ ಅಂಕಿ ಓದೂದು ನನಗ ಕಲಸ್ರಿ ಅಕ್ಕೋರ."

ಮಕ್ಕಳು ಹಿಂದಿನ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು. ಚಾಚಿ ಸೆರಗು ಸರಿಮಾಡಿಕೊಂಡು ಕುಳಿತರು. ನಾನು ಹಲಗೆಯ ಮೇಲೆ ಎರಡು ಬರೆದು, ಪಕ್ಕದಲ್ಲಿ ಸಣ್ಣದಾಗಿ ಮೂರು, ಗೆರೆ, ಗೆರೆಯ ಕೆಳಗೆ ನಾಲ್ಕು ಬರೆದೆ. ಅವರು ಅಷ್ಟು ದಿನ ಅದನ್ನು ಎರಡು, ಮೂರು, ನಾಲ್ಕು ಎಂಬ ಮೂರು ಬೇರೆ ಬೇರೆ ಅಂಕಿ ಅಂದುಕೊಂಡಿದ್ದರಂತೆ.

"ಕೆಳಗಿನ ನಾಲ್ಕು ಅಂದ್ರೆ ಎಲ್ಲವನ್ನೂ ಪಾವು ಮಾಡಿದೀವಿ ಅಂತ. ಮೇಲಿನ ಮೂರು ಅಂದ್ರೆ ಅಂಥ ಮೂರು ಪಾವು ತಗೊಂಡಿದೀವಿ ಅಂತ."

"ಹಂಗಾರ ಇದು ಪಾವಣೆ ಮೂರು!" ಚಾಚಿಯ ಮುಖ ಅರಳಿತು. "ಇಷ್ಟ ಏನ್ರಿ? ಮ್ಯಾಲ ಎಷ್ಟು ತಗೊಂಡ್ವಿ, ಕೆಳಗ ಎಷ್ಟು ಪಾಲು ಮಾಡಿದ್ವಿ."

ಆಮೇಲೆ ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಪ್ರತಿ ಲಂಗದಲ್ಲೂ ಮೂರನೇ ಒಂದು ಭಾಗ ಹಳದಿ ಇರಲಿ ಎಂದು ಅಂಕಿಯಲ್ಲಿ ಬರೆದಿದ್ದರು. "ಮ್ಯಾಲ ಒಂದು, ಕೆಳಗ ಮೂರು. ಕೆಳಗ ನಾಕಿದ್ರ ಪಾವ. ಎರಡಿದ್ರ ಅರ್ಧ. ಮೂರಿದ್ರ ಏನಂತಾರ್ರಿ?"

ನಾನು ಮನಸ್ಸಿನಲ್ಲೇ ಎಣಿಸಿದೆ. ಕಾಲು ಇದೆ, ಅರೆ ಇದೆ, ಮುಕ್ಕಾಲು ಇದೆ. ಮೂರನೇ ಒಂದಕ್ಕೆ ಹಾಗೆ ಬಾಯಲ್ಲಿ ಓಡಾಡುವ ಒಂದು ಪುಟ್ಟ ಹೆಸರು ಕನ್ನಡದ ಟೀಚರಾದ ನನಗೂ ಹೊಳೆಯಲಿಲ್ಲ. ಇಷ್ಟು ವರ್ಷ ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

"ನಮ್ಮ ಮಗ್ಗ್ಯಾಗೂ ಇಲ್ರಿ" ಎಂದರು ಚಾಚಿ, ತಮಗೇ ಹೇಳಿಕೊಳ್ಳುವಂತೆ. "ಯಾಕಂದ್ರ ಬಟ್ಟಿ ಮಡಚಿದ್ರ ಎರಡು ಆಗತೈತಿ. ಮತ್ತ ಮಡಚಿದ್ರ ನಾಕು. ಮೂರು ಆಗೂದ ಇಲ್ಲಲ್ಲ."

ಮಕ್ಕಳು ಆಗಲೇ ನೋಟುಬುಕ್ಕಿನ ಹಾಳೆ ಹರಿಯತೊಡಗಿದ್ದರು. ಮಡಚಿದರೆ ಎರಡು, ನಾಲ್ಕು, ಎಂಟು. ಮೂರು ಬರಲೊಲ್ಲದು. ಚಾಚಿ ತಮ್ಮ ಅಳತೆ ಟೇಪನ್ನು ಕೊರಳಿಂದ ತೆಗೆದು ಪಕ್ಕಕ್ಕಿಟ್ಟರು. ಒಂದು ಉದ್ದನೆಯ ಹಾಳೆಯ ಪಟ್ಟಿ ಇಸಿದುಕೊಂಡು, ಒಂದು ತುದಿಯನ್ನು ಒಳಗೆ, ಇನ್ನೊಂದು ತುದಿಯನ್ನು ಅದರ ಮೇಲೆ ತಂದು, ಒತ್ತದೆ ಸಡಿಲವಾಗಿ ಹಿಡಿದರು. ಒಂದು ಕಡೆ ತುಸು ಎಳೆದರು, ಇನ್ನೊಂದು ಕಡೆ ತುಸು ಬಿಟ್ಟರು. ಮೂರೂ ಮಡಿಕೆಯ ಅಂಚುಗಳು ಸರಿಯಾಗಿ ಕೂಡಿದ ಮೇಲೆ ಉಗುರಿನಿಂದ ಗೀರಿದರು. ಬಿಚ್ಚಿದರೆ ಮೂರು ಸಮ ಪಾಲು. ಇಡೀ ತರಗತಿ ಅವರ ಸುತ್ತ ನೆರೆದಿತ್ತು.

ಚಾಚಿ ಆ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ನನ್ನ ಕಡೆ ಕತ್ತೆತ್ತಿದರು.

"ಅಕ್ಕೋರ, ಐದು ಪಾಲು ಹೆಂಗ ಮಾಡೂದ್ರಿ?"

ಮಕ್ಕಳೆಲ್ಲ ನನ್ನ ಬಾಯಿ ನೋಡಿದರು.

"ಗೊತ್ತಿಲ್ರಿ ಚಾಚಿ" ಎಂದೆ. ಆ ಮಾತು ಅಷ್ಟು ಸಲೀಸಾಗಿ ನನ್ನ ಬಾಯಿಂದ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಮೇಜಿನ ಮೇಲಿನ ಹಾಳೆಗಳ ಕಟ್ಟು ತೆಗೆದುಕೊಂಡು ಹೋಗಿ ಅವರ ಬೆಂಚಿನ ತುದಿಯಲ್ಲಿ ಕುಳಿತೆ. ಸುಮಂಗಲಾ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.